ಗಾಳಿ ತೆಗೆದ ಬ್ಯಾಟರಿ

ಉಬ್ಬಿದ ಬ್ಯಾಟರಿಗೆ ಸೂಜಿ ಚುಚ್ಚಿ ಗಾಳಿ ತೆಗೆಯುವುದನ್ನು ನನಗೆ ಕಲಿಸಿದವರು ನನ್ನ ಮೊದಲ ಯಜಮಾನರು. ಮೊಬೈಲ್ ರಿಪೇರಿಯ ಪಾಠಗಳಲ್ಲಿ ಅವರು ಅದನ್ನು ಕೊನೆಗೆ ಇಟ್ಟುಕೊಂಡಿದ್ದರು. ಇಂದೋ ನಾಳೆಯೋ ಅಂಗಡಿ ಬಿಟ್ಟು ಓಡುವಂತೆ ಕಾಣುವವರಿಗೆ ಹೇಳಿಕೊಡುತ್ತಿರಲಿಲ್ಲ. ಚುಚ್ಚಿದೊಡನೆ ಒಂದು ಸಿಹಿ ವಾಸನೆ ಏಳುತ್ತದೆ. ಕೊಳೆಯಲು ಹೊರಟ ಹಣ್ಣಿನದೋ, ಉಗುರಿಗೆ ಹಚ್ಚುವ ಬಣ್ಣದ್ದೋ ಎಂದು ಹೇಳಲಾಗದ ವಾಸನೆ ಅದು. ಬ್ಯಾಟರಿಯ ಹೊಟ್ಟೆ ಇಳಿಯುತ್ತದೆ, ತೂತಿನ ಮೇಲೆ ಟೇಪು ಬೀಳುತ್ತದೆ. ಸತ್ತಿತೆಂದು ಗಿರಾಕಿ ಕೈಬಿಟ್ಟ ಫೋನು ಮತ್ತೆ ಬೆಳಗಿದಾಗ ಯಜಮಾನರು, "ನೋಡಿದ್ಯಾ, ಹೋದ ಪ್ರಾಣ ವಾಪಸ್ ಬಂತು," ಎನ್ನುತ್ತಿದ್ದರು.

ಅವರ ಅಂಗಡಿಯನ್ನೂ ನಾನು ಬಿಟ್ಟೆ. ಆಮೇಲೆ ಊರಿಂದ ಊರಿಗೆ ಆರು ಅಂಗಡಿಗಳನ್ನು ಬದಲಾಯಿಸಿ, ಕೊನೆಗೆ ಬಸ್ ನಿಲ್ದಾಣದ ಮೆಟ್ಟಿಲಿನ ಕೆಳಗೆ, ನಿಂತರೆ ತಲೆ ತಾಗುವ ಒಂದು ಗೂಡಿನಲ್ಲಿ ಸ್ವಂತದ್ದನ್ನು ತೆರೆದೆ. ಹದಿನಾಲ್ಕು ವರ್ಷಗಳಲ್ಲಿ ಮುನ್ನೂರಕ್ಕೂ ಹೆಚ್ಚು ಬ್ಯಾಟರಿಗಳ ಗಾಳಿ ತೆಗೆದಿದ್ದೇನೆ. ಒಂದೂ ಹೊತ್ತಿಕೊಂಡದ್ದನ್ನು ಕಾಣಲಿಲ್ಲ. ಗಿರಾಕಿ ಮೆಟ್ಟಿಲು ದಾಟಿ ಹೋದ ಮೇಲೆ ಏನಾಯಿತೆಂದು ವಿಚಾರಿಸಿದವನೂ ನಾನಲ್ಲ. ಇದುವರೆಗೆ ಆಗಲಿಲ್ಲ ಎಂಬುದನ್ನು ಎಂದೆಂದಿಗೂ ಆಗುವುದಿಲ್ಲ ಎಂದು ಓದಿಕೊಂಡು ನೆಮ್ಮದಿಯಾಗಿದ್ದೆ.

ನನಗಿಂತ ಆರು ವರ್ಷ ಚಿಕ್ಕವಳಾದ ನನ್ನ ತಂಗಿ ವಿಮಾನದಲ್ಲಿ ಕೆಲಸ ಮಾಡುತ್ತಾಳೆ. ಪ್ರಯಾಣಿಕರನ್ನು ಕೂರಿಸುವುದು, ಬೆಲ್ಟು ಕಟ್ಟಿಸುವುದು, ನೀರು ಕೊಡುವುದು ಇಷ್ಟೇ ಆ ಕೆಲಸವೆಂದು ನಾನು ತಿಳಿದಿದ್ದೆ. ತಿಳಿದದ್ದನ್ನು ಮನಸ್ಸಿನಲ್ಲಿ ಇಟ್ಟುಕೊಳ್ಳುವ ಸೌಜನ್ಯವೂ ನನ್ನಲ್ಲಿರಲಿಲ್ಲ.

"ಮೇಲೆ ಹೋಗಿ ತಟ್ಟೆ ಎತ್ತೋದಕ್ಕೆ ಇಷ್ಟೊಂದು ಮೇಕಪ್ಪಾ ಪುಟ್ಟಿ?" ಎಂದು ಅವಳು ಕನ್ನಡಿಯ ಮುಂದೆ ನಿಂತಾಗಲೆಲ್ಲ ಕೇಳುತ್ತಿದ್ದೆ.

"ಕೆಳಗೆ ಕೂತು ಕಂಡೋರ ಫೋನಲ್ಲಿರೋ ಫೋಟೋ ನೋಡೋದಕ್ಕಿಂತ ವಾಸಿ," ಎಂದು ಅವಳು ಪಿನ್ನನ್ನು ಹಲ್ಲಿನಲ್ಲಿ ಕಚ್ಚಿಕೊಂಡೇ ಉತ್ತರಿಸುತ್ತಿದ್ದಳು.

ಆ ವರ್ಷ ಅವಳ ಹೆಸರು ಬಡ್ತಿಯ ಪಟ್ಟಿಗೆ ಬಂದಿತ್ತು. ಒಂದು ವಿಮಾನದ ಸಿಬ್ಬಂದಿಗೆಲ್ಲ ತಾನೇ ಮುಖ್ಯಸ್ಥೆಯಾಗುವ ಬಡ್ತಿ. ಏಳು ವರ್ಷ ಕಾದದ್ದು, ಇನ್ನು ಒಂದು ಸಂದರ್ಶನ ಮಾತ್ರ ಉಳಿದಿತ್ತು. ಅದಕ್ಕೂ ಮೊದಲು, ತಾನು ಕೆಲಸ ಮಾಡುವುದನ್ನು ಅಣ್ಣ ಒಂದು ಸಲ ಕಣ್ಣಾರೆ ನೋಡಲಿ ಎಂಬ ಆಸೆ ಅವಳಿಗೆ ಹುಟ್ಟಿತು. ಸಿಬ್ಬಂದಿಯ ಮನೆಯವರಿಗೆ ಕೊಡುವ ಟಿಕೆಟನ್ನು ನನ್ನ ಹೆಸರಿಗೆ ಬರೆಸಿದಳು. ಆ ಟಿಕೆಟಿನ ಜೊತೆ ಒಂದು ಕಾಗದವಿರುತ್ತದೆ: ಸಂಬಂಧಿಕರ ನಡತೆಗೆ ಸಿಬ್ಬಂದಿಯೇ ಹೊಣೆ, ಅವರ ತಪ್ಪು ಸಿಬ್ಬಂದಿಯ ದಾಖಲೆಗೆ ಸೇರುತ್ತದೆ ಎಂದು. ಅದಕ್ಕೆ ಅವಳು ಸಹಿ ಹಾಕಿದ್ದು ನಮ್ಮ ಅಡುಗೆಮನೆಯ ಮೇಜಿನ ಮೇಲೆಯೇ.

"ಅವಳು ಹೇಳಿದ ಹಾಗೆ ಕೇಳೋ," ಎಂದು ಅಮ್ಮ ನನಗೆ ಎರಡೆರಡು ಸಲ ಹೇಳಿದಳು. "ಅಲ್ಲಿ ಅವಳು ಚಿಕ್ಕವಳಲ್ಲ. ಆಮೇಲೆ ಅವಳು ಕೆಲಸ ಮಾಡ್ತಿರೋವಾಗ ಒಂದು ಫೋಟೋ ತೆಕ್ಕೊಂಡು ಬಾ. ಕೇಳಿದ್ರೆ ನಾಚ್ಕೊಳ್ತಾಳೆ, ಸುಮ್ನೆ ತೆಗಿ."

ನನ್ನ ಬಳಿ ಒಳ್ಳೆಯ ಬ್ಯಾಗು ಇರಲಿಲ್ಲ. ತಂಗಿ ತನ್ನ ಹಳೆಯ ನೀಲಿ ಬ್ಯಾಗನ್ನು ಕೊಟ್ಟಳು. ಅದರ ಹಿಡಿಗೆ ಗುರುತಿಗೆಂದು ಕೆಂಪು ರಿಬ್ಬನ್ನಿನ ಗಂಟು ಹಾಕಿದ್ದಳು. ನಾನು ಬಟ್ಟೆ ತುಂಬಿಸುತ್ತಿದ್ದಾಗ ಬಾಗಿಲಿಗೆ ಒರಗಿ ನಿಂತು ಕೇಳಿದಳು.

"ಅಣ್ಣ, ಅಂಗಡಿ ಸಾಮಾನು ಯಾವುದೂ ಹಾಕಿಲ್ಲ ತಾನೆ?"

"ಎರಡು ಅಂಗಿ, ಒಂದು ಟವೆಲ್ಲು. ಬೇಕಾದ್ರೆ ಕೊಡವಿ ನೋಡು."

"ಪವರ್ ಬ್ಯಾಂಕು?"

"ಇದೆ. ಕಂಪನೀದು."

"ನೀನು ಮಾಡಿದ್ದಲ್ಲ?"

"ಕಂಪನೀದು ಅಂದ್ನಲ್ಲ. ಪೊಲೀಸ್ ಥರ ಕೇಳ್ಬೇಡ ಮಾರಾಯ್ತಿ."

ಡಬ್ಬಿ ಮಾತ್ರ ಕಂಪನಿಯದು, ಒಳಗಿದ್ದದ್ದು ನನ್ನದು. ಎರಡು ಹಳೆಯ ಫೋನುಗಳ ಬ್ಯಾಟರಿಗಳನ್ನು ಜೋಡಿಸಿ ನಾನೇ ಕಟ್ಟಿದ್ದೆ. ಅವುಗಳಲ್ಲಿ ಒಂದರ ಗಾಳಿಯನ್ನು ಮೂರು ವಾರಗಳ ಹಿಂದೆ ತೆಗೆದಿದ್ದೆ. ಅರ್ಧ ಸುಳ್ಳು ಪೂರ್ತಿ ಸುಳ್ಳಿಗಿಂತ ಸಲೀಸಾಗಿ ನಾಲಿಗೆಯಿಂದ ಜಾರುತ್ತದೆ. ಅವಳು ನಂಬಿದಳು. ವಿಮಾನ ನಿಲ್ದಾಣದ ತಪಾಸಣೆಯವರೂ ಡಬ್ಬಿಯ ಮೇಲಿನ ಅಕ್ಷರಗಳನ್ನು ನಂಬಿ ಅದನ್ನು ಒಳಗೆ ಬಿಟ್ಟರು.

ಬೆಳಗಿನ ವಿಮಾನ. ನನಗೆ ನಡುದಾರಿಯ ಪಕ್ಕದ ಕುರ್ಚಿ. ಪಕ್ಕದಲ್ಲಿ ಐವತ್ತರ ಆಸುಪಾಸಿನ, ನಿಧಾನಸ್ಥರಾದ ಒಬ್ಬ ಫೋಟೋಗ್ರಾಫರು. ಶಾಲೆಗಳಲ್ಲಿ ತರಗತಿಯ ಗುಂಪು ಫೋಟೋ ತೆಗೆಯುವುದು ಅವರ ಕಸುಬು ಎಂದು ಕುಳಿತ ಐದೇ ನಿಮಿಷದಲ್ಲಿ ತಿಳಿಯಿತು. ಸಾಲಿನಲ್ಲಿ ನಿಂತ ಮಕ್ಕಳಲ್ಲಿ ಒಬ್ಬನಾದರೂ ಕಣ್ಣು ಮುಚ್ಚಿಯೇ ಮುಚ್ಚುತ್ತಾನೆ, ಅವನ ತಾಯಿ ಮಾತ್ರ ತಮ್ಮನ್ನೇ ಬಯ್ಯುತ್ತಾಳೆ ಎಂದು ಹೇಳಿ ನಗಿಸಿದರು.

ಅಷ್ಟರಲ್ಲಿ ತಂಗಿಯ ದನಿ ಮೇಲಿನ ಸ್ಪೀಕರಿನಿಂದ ಕೇಳಿಬಂತು. ಪವರ್ ಬ್ಯಾಂಕು ಮತ್ತು ಬಿಡಿ ಬ್ಯಾಟರಿಗಳನ್ನು ತಲೆಯ ಮೇಲಿನ ಪೆಟ್ಟಿಗೆಯಲ್ಲಿ ಇಡಬಾರದು, ಕಣ್ಣಿಗೆ ಕಾಣುವಂತೆ ಹತ್ತಿರ ಇಟ್ಟುಕೊಳ್ಳಬೇಕು, ಪ್ರಯಾಣದ ಹೊತ್ತಿನಲ್ಲಿ ಅವುಗಳಿಂದ ಏನನ್ನೂ ಚಾರ್ಜ್ ಮಾಡಬಾರದು. ಬಸ್ಸಿನ ಕಂಡಕ್ಟರು "ಮುಂದೆ ಹೋಗಿ, ಮುಂದೆ ಹೋಗಿ" ಎನ್ನುವುದಕ್ಕೆ ನಾವು ಎಷ್ಟು ಬೆಲೆ ಕೊಡುತ್ತೇವೋ ಅಷ್ಟೇ ಬೆಲೆಯನ್ನು ನಾನು ಅದಕ್ಕೂ ಕೊಟ್ಟೆ. ಫೋಟೋಗ್ರಾಫರು ಮಾತ್ರ ಎದ್ದು, ತಮ್ಮ ದೊಡ್ಡ ಬ್ಯಾಗಿನಿಂದ ಒಂದು ಡಬ್ಬಿಯನ್ನು ತೆಗೆದು ತೊಡೆಯ ಮೇಲಿಟ್ಟುಕೊಂಡರು. ಅದರೊಳಗೆ ಆರು ಬ್ಯಾಟರಿಗಳು. ಒಂದೊಂದರ ಬಾಯಿಗೂ ಟೇಪು, ಒಂದೊಂದಕ್ಕೂ ಪ್ರತ್ಯೇಕ ಬಟ್ಟೆಯ ಚೀಲ.

"ಏನ್ ಸ್ವಾಮಿ, ಬ್ಯಾಟರಿಗೂ ಕುಲಾವಿ ಹೊಲಿಸಿದೀರಾ?" ಎಂದೆ, ಹಿಂದಿನವರಿಗೂ ಕೇಳಿಸಲಿ ಎಂಬ ದನಿಯಲ್ಲೇ.

"ನಮ್ಮನೆಯವಳು ಹೊಲಿದಿದ್ದು. ಒಂದಕ್ಕೊಂದು ತಾಗಬಾರದು ಅಂತಾರಲ್ಲ."

"ಹೇಳೋರು ಹೇಳ್ತಾರೆ. ನಾನು ಇದೇ ಕಸುಬಿನವನು, ಹದಿನಾಲ್ಕು ವರ್ಷ ಆಯ್ತು. ಬ್ಯಾಟರಿ ಏನು ಹಾವೇ?"

"ಹಾವಾದ್ರೆ ಬುಸ್ ಅಂತ ಮುಂಚೆನೇ ಹೇಳುತ್ತೆ ಬಿಡಿ," ಎಂದು ಅವರು ಡಬ್ಬಿಯ ಮುಚ್ಚಳ ಹಾಕಿದರು.

ಹಿಂದಿನ ಸಾಲಿನ ಹೆಂಗಸು ನಕ್ಕಳು. ನನಗೆ ಹುರುಪು ಬಂತು. ಆರು ಬ್ಯಾಟರಿಗಳಿಗೂ ನಾಮಕರಣ ಆಗಿದೆಯೇ ಎಂದೂ ಕೇಳಿದೆ. ನನ್ನ ನೀಲಿ ಬ್ಯಾಗು ತಲೆಯ ಮೇಲಿನ ಪೆಟ್ಟಿಗೆಯಲ್ಲಿ, ಅವರ ಕ್ಯಾಮೆರಾ ಬ್ಯಾಗಿನ ಹಿಂದೆ ಇತ್ತು. ಅಮ್ಮ ಹೇಳಿದ ಫೋಟೋಗೆ ಚಾರ್ಜು ಸಾಲದೆಂದು, ನನ್ನ ಫೋನನ್ನು ಪವರ್ ಬ್ಯಾಂಕಿಗೆ ಸಿಕ್ಕಿಸಿ, ಟವೆಲ್ಲಿನಲ್ಲಿ ಸುತ್ತಿ ಒಳಗಿಟ್ಟಿದ್ದೆ.

ವಿಮಾನ ಮೇಲೇರಿ ಅರ್ಧ ಗಂಟೆಯಾಗಿರಬಹುದು. ತಂಗಿ ಗಾಡಿ ತಳ್ಳಿಕೊಂಡು ಬಂದಳು. ಎಲ್ಲರಿಗೂ ಕೊಟ್ಟಂತೆ ನನಗೂ ಒಂದು ಲೋಟ ನೀರು ಕೊಟ್ಟು, ಎಲ್ಲರಿಗೂ ನಕ್ಕಂತೆ ನಕ್ಕು, ಯಾರಿಗೂ ಕಾಣದ ಹಾಗೆ ನನ್ನ ಪಾದವನ್ನು ತುಳಿದು ಮುಂದೆ ಹೋದಳು. ಆ ಪಾದ ನೋಯುತ್ತಿದ್ದಾಗಲೇ ನನ್ನ ಮೂಗಿಗೆ ಆ ಸಿಹಿ ವಾಸನೆ ಬಂತು.

ಆ ವಿಮಾನದಲ್ಲಿ ನೂರಕ್ಕೂ ಹೆಚ್ಚು ಜನರಿದ್ದರು. ಆ ವಾಸನೆಯ ಅರ್ಥ ಗೊತ್ತಿದ್ದವನು ನಾನೊಬ್ಬನೇ. ಆಗ ಎದ್ದಿದ್ದರೆ, "ಪುಟ್ಟಿ, ನನ್ನ ಬ್ಯಾಗು," ಎಂಬ ಮೂರೇ ಪದಗಳನ್ನು ಆಡಿದ್ದರೆ, ಈ ಕಥೆಗೆ ಹೇಳುವಂಥದ್ದೇನೂ ಇರುತ್ತಿರಲಿಲ್ಲ. ನಾನು ಏಳಲಿಲ್ಲ. ಯಾರೋ ಸೆಂಟು ಹಚ್ಚಿಕೊಂಡಿರಬೇಕು ಎಂದುಕೊಂಡೆ. ಹಾಗಲ್ಲವೆಂದು ಗೊತ್ತಿದ್ದೂ ಅಂದುಕೊಂಡೆ. ಕುಲಾವಿಯ ಮಾತಿಗೆ ನಕ್ಕ ಜನರ ಎದುರಿನಲ್ಲೇ ಎದ್ದು ನಿಲ್ಲುವುದು ನನ್ನಿಂದಾಗಲಿಲ್ಲ.

ಪೆಟ್ಟಿಗೆಯ ಮುಚ್ಚಳದ ಸಂದಿನಿಂದ ಬೆಳ್ಳಗೆ ಹೊಗೆ ಇಳಿಯತೊಡಗಿತು. ಯಾರೋ ಕಿರುಚಿದರು. ನೀರಿನ ಗಾಡಿಯನ್ನು ಬಿಟ್ಟು ತಂಗಿ ಓಡಿಬಂದ ರೀತಿಯನ್ನು ನಾನು ಅದಕ್ಕೂ ಮೊದಲು ನೋಡಿರಲಿಲ್ಲ. ಅವಳು ಯಾರನ್ನೂ ಸಮಾಧಾನ ಮಾಡಲಿಲ್ಲ. ಅಂಗೈಯ ಹಿಂಭಾಗದಿಂದ ಮುಚ್ಚಳವನ್ನು ಮುಟ್ಟಿ ಶಾಖ ನೋಡಿದಳು. ಸಹೋದ್ಯೋಗಿ ತಂದ ದಪ್ಪ ಕೈಗವಸುಗಳನ್ನು ತೊಟ್ಟಳು. ಮುಂದಿನ ಎರಡು ಸಾಲುಗಳನ್ನು ಒಂದೇ ಮಾತಿನಲ್ಲಿ ಎಬ್ಬಿಸಿ ಕಳಿಸಿದಳು. ಮುಚ್ಚಳವನ್ನು ಗೇಣು ತೆರೆದಾಗ ಹೊಗೆ ಅವಳ ಮುಖವನ್ನೇ ಮುಚ್ಚಿತು. ಒಳಗೆ ಏನೂ ಕಾಣುತ್ತಿರಲಿಲ್ಲ.

"ಇಲ್ಲಿ ಬ್ಯಾಟರಿ ಇರೋ ಬ್ಯಾಗು ಯಾರದ್ದು? ಬೇಗ ಹೇಳಿ."

ನಾನು ಅವಳ ಮೊಣಕೈಯಿಂದ ಒಂದು ಮಾರು ದೂರದಲ್ಲಿದ್ದೆ. ನನ್ನ ಬಾಯಿ ತೆರೆದೇ ಇತ್ತು. ಅದರಿಂದ ಏನೂ ಹೊರಡಲಿಲ್ಲ. ಹಿಂದಿನ ಹೆಂಗಸೇ ಹೇಳಿದಳು: "ಇವ್ರದ್ದು. ಈ ಫೋಟೋದವ್ರದ್ದು. ಆವಾಗಿಂದ ಬ್ಯಾಟರಿ ಬ್ಯಾಟರಿ ಅಂತ ಮಾತಾಡ್ತಿದ್ರು."

"ನನ್ನವೆಲ್ಲ ಇಲ್ಲೇ ಇವೆ," ಎಂದು ಫೋಟೋಗ್ರಾಫರು ಡಬ್ಬಿಯನ್ನು ಎತ್ತಿ ತೋರಿಸಿದರು.

"ಬ್ಯಾಗಲ್ಲಿ ಒಂದೂ ಇಲ್ವಾ ಸರ್? ಒಂದೂ?"

ಅವರು ಸುಳ್ಳು ಹೇಳದ ಮನುಷ್ಯ. "ಕ್ಯಾಮೆರಾದೊಳಗೆ ಒಂದಿದೆ," ಎಂದರು.

ತಂಗಿ ಆ ದೊಡ್ಡ ಬ್ಯಾಗನ್ನು ಎಳೆದು ನೆಲಕ್ಕಿಳಿಸಿದಳು. ಅದರ ತುಂಬ ಸಣ್ಣ ಸಣ್ಣ ಜಿಪ್ಪುಗಳು. ಕೈಗವಸಿನ ದಪ್ಪ ಬೆರಳುಗಳಿಗೆ ಅವು ಸಿಗಲಿಲ್ಲ. ಬಲಗೈಯ ಗವಸನ್ನು ಹಲ್ಲಿನಿಂದ ಕಚ್ಚಿ ಎಳೆದು ಬಿಸಾಡಿ, ಬರಿಗೈಯಿಂದ ಜಿಪ್ಪು ತೆರೆದು, ಕ್ಯಾಮೆರಾದ ಮೇಲೆ ಎರಡು ಬಾಟಲಿ ನೀರು ಸುರಿದಳು. ಆ ಹೊತ್ತು ಎಷ್ಟೆಂದು ನಾನು ಆಮೇಲೆ ಅನೇಕ ಸಲ ಎಣಿಸಿ ನೋಡಿದ್ದೇನೆ. ಇಪ್ಪತ್ತಕ್ಕೆ ಮುಗಿಯುತ್ತದೆ.

ಇಪ್ಪತ್ತನೆಯ ಸೆಕೆಂಡಿಗೆ ತಲೆಯ ಮೇಲಿನ ಪೆಟ್ಟಿಗೆಯಲ್ಲಿ ಬೆಂಕಿ ಕಾಣಿಸಿತು. ಸಹೋದ್ಯೋಗಿ ಬೆಂಕಿ ಆರಿಸುವ ಸಿಲಿಂಡರನ್ನು ಒತ್ತಿದಳು. ಜ್ವಾಲೆ ಕುಗ್ಗಿತು. ತಂಗಿ ಬಾಟಲಿ ಹಿಡಿದು, ಕುರ್ಚಿಯ ಅಂಚಿಗೆ ಹತ್ತಿ, ಒಳಕ್ಕೆ ನೀರು ಸುರಿಯುತ್ತಲೇ ಹೋದಳು. ಜ್ವಾಲೆ ಸತ್ತರೂ ಒಳಗಿನ ಶಾಖ ಸಾಯುವುದಿಲ್ಲ, ಆರಿದೆಯೆಂದು ನಂಬಿ ಬಿಟ್ಟರೆ ಪಕ್ಕದ ಬ್ಯಾಟರಿಯೂ ಹತ್ತುತ್ತದೆ ಎಂದು ಅವರಿಗೆ ಕಲಿಸಿರುತ್ತಾರೆ. ಕಲಿಸಿದಂತೆಯೇ ಆಯಿತು. ಎರಡನೆಯದು ಪಟಾರೆಂದು ಸಿಡಿದು, ಅದರೊಳಗಿನದು ಅವಳ ಗವಸಿಲ್ಲದ ಬಲಗೈಯ ಮೇಲೆ ಬಿತ್ತು. ಅವಳು ಕೂಗಲಿಲ್ಲ. ಬಾಟಲಿಯನ್ನು ಎಡಗೈಗೆ ಬದಲಾಯಿಸಿಕೊಂಡಳು. ಹೊಗೆ ಸ್ವಲ್ಪ ತೆಳುವಾದಾಗ, ಅರ್ಧ ಸುಟ್ಟ ನೀಲಿ ಬಟ್ಟೆಯ ಮೇಲೆ, ಇನ್ನೂ ಸುಡದೆ ಉಳಿದ ಕೆಂಪು ರಿಬ್ಬನ್ನಿನ ಗಂಟು ಕಾಣಿಸಿತು.

ಅವಳು ತಿರುಗಿ ನನ್ನನ್ನು ನೋಡಿದಳು.

"ಸರ್," ಎಂದಳು ನನಗೆ. "ಎದ್ದು ಹಿಂದೆ ಹೋಗಿ ಕೂತ್ಕೊಳ್ಳಿ."

ಹತ್ತಿರದ ಇನ್ನೊಂದು ಊರಿನಲ್ಲಿ ವಿಮಾನ ಇಳಿಯಿತು. ಬೇರೆ ಯಾರಿಗೂ ಗಾಯವಾಗಿರಲಿಲ್ಲ. ಕೊನೆಯ ಸಾಲಿನಲ್ಲಿ ಕುಳಿತಿದ್ದ ನನ್ನನ್ನು ಯಾರೂ ಏನೂ ಕೇಳಲಿಲ್ಲ. ಸುಟ್ಟ ಬ್ಯಾಗಿನಲ್ಲಿ ಹೆಸರು ಬರೆದ ಚೀಟಿಯೂ ಉಳಿದಿರಲಿಲ್ಲ. ಮೆಟ್ಟಿಲಿಳಿಯುವಾಗ ಜನ ಫೋಟೋಗ್ರಾಫರ ಕಡೆಗೆ ಬೆರಳು ತೋರಿಸಿ ಮಾತಾಡುತ್ತಿದ್ದದ್ದು ನನ್ನ ಕಿವಿಗೆ ಬಿತ್ತು. "ಇಂಥೋರನ್ನ ಹತ್ತಿಸ್ಕೊಳ್ಳೋದೇ ತಪ್ಪು," ಎಂದಿತು ಒಂದು ದನಿ. ನಾನು ತಲೆ ತಗ್ಗಿಸಿ ಮೆಟ್ಟಿಲುಗಳನ್ನು ಎಣಿಸಿದೆ.

ಅಣ್ಣನೆಂಬ ಕಾರಣಕ್ಕೆ ನನ್ನನ್ನು ಪ್ರಥಮ ಚಿಕಿತ್ಸೆಯ ಕೋಣೆಗೆ ಬಿಟ್ಟರು. ಒಂದು ಮಂಚ, ಒಂದು ಮೇಜು, ಎರಡು ಕುರ್ಚಿ. ತಂಗಿಯ ಬಲಗೈಗೆ ಮಣಿಕಟ್ಟಿನವರೆಗೂ ಬಿಳಿ ಪಟ್ಟಿ ಸುತ್ತಿದ್ದರು. ಮೇಜಿನ ಮೇಲೆ ಘಟನೆಯ ವರದಿಯ ಫಾರಮ್ಮು ಇತ್ತು. ಬೆಂಕಿಯ ಬಳಿಗೆ ಮೊದಲು ಹೋದವರೇ ಅದನ್ನು ತುಂಬಬೇಕಾದದ್ದು ನಿಯಮ. ನರ್ಸು ಹೊರಗೆ ಹೋದಳು.

"ತುಂಬ ಉರೀತಿದೆಯಾ ಪುಟ್ಟಿ?"

"ಅದನ್ನ ಬಿಡು. ಕಂಪನೀದು ಅಂದ್ಯಲ್ಲ."

ನಾನು ಬಾಗಿಲು ಮುಚ್ಚಿದೆಯೇ ಎಂದು ನೋಡಿದೆ. ಆಮೇಲೆ, ನನ್ನ ಬದುಕಿನಲ್ಲಿ ನಾನಾಡಿದ ಮಾತುಗಳಲ್ಲೆಲ್ಲ ಅತ್ಯಂತ ಹೀನವಾದದ್ದನ್ನು ತಗ್ಗಿದ ದನಿಯಲ್ಲಿ ಆಡಿದೆ. "ನನ್ನ ಹೆಸರು ಬರೀಬೇಡ ಕಣೆ. ನನಗೋಸ್ಕರ ಅಲ್ಲ, ನಿನಗೋಸ್ಕರ. ಬ್ಯಾಗು ನಿನ್ನ ಅಣ್ಣನದ್ದು ಅಂತ ಗೊತ್ತಾದ್ರೆ ನಿನ್ನ ಬಡ್ತಿ ಹೋಗುತ್ತೆ. ಅವರು ಹೇಗೂ ಆ ಫೋಟೋದವ್ರದ್ದು ಅಂದ್ಕೊಂಡಿದಾರೆ."

ತಂಗಿ ತಲೆ ಎತ್ತಿ ನನ್ನನ್ನು ನೋಡಿದಳು. ಅವಳ ಕಣ್ಣಿನ ಕಪ್ಪು ಹೊಗೆಗೆ ಕರಗಿ ಕೆನ್ನೆಗೆ ಇಳಿದಿತ್ತು.

"ಬೆಂಕಿ ಬಿದ್ದಾಗ್ಲೂ ನನಗೋಸ್ಕರನೇ ಸುಮ್ನಿದ್ಯಾ?"

ಅವಳು ಎಡಗೈಯಿಂದ ಪೆನ್ನನ್ನು ನನ್ನ ಕಡೆಗೆ ತಳ್ಳಿದಳು.

"ನನಗೆ ಬರೆಯೋಕಾಗಲ್ಲ. ನಾನು ಹೇಳ್ತೀನಿ, ನೀನು ಬರಿ. ಅದಕ್ಕೆ ಮುಂಚೆ ಅವರನ್ನ ಕರಿ. ಸಾಕ್ಷಿ ಬೇಕು."

ಫೋಟೋಗ್ರಾಫರು ಹೊರಗಿನ ಬೆಂಚಿನ ಮೇಲೆ ಕರವಸ್ತ್ರದಿಂದ ಕ್ಯಾಮೆರಾ ಒರೆಸುತ್ತಿದ್ದರು. ಅದನ್ನು ಬಗ್ಗಿಸಿದಾಗಲೆಲ್ಲ ಎಲ್ಲಿಂದಲೋ ನೀರು ತೊಟ್ಟಿಕ್ಕುತ್ತಿತ್ತು. ನನ್ನನ್ನು ಕಂಡು ಎದ್ದರು.

"ಆ ಹುಡುಗಿ ನಿಮ್ಮ ತಂಗಿಯಂತೆ. ಪಾಪ, ಹೇಗಿದಾರೆ? ನನ್ನ ಬ್ಯಾಗು ತೆಗೆಯೋಕೆ ಹೋಗಿ ಕೈ ಸುಟ್ಕೊಂಡ್ರು. ನಾನು ಕ್ಯಾಮೆರಾದಲ್ಲಿ ಒಂದಿದೆ ಅನ್ನಬಾರದಿತ್ತೇನೋ." ಒಳಗೆ ಬಂದು ಕುಳಿತ ಮೇಲೆ ಕ್ಯಾಮೆರಾವನ್ನು ನನ್ನ ಕೈಗೇ ಕೊಟ್ಟರು. "ನೀವು ಇದೇ ಕಸುಬಿನವರು ಅಂದ್ರಲ್ಲ. ಸ್ವಲ್ಪ ನೋಡಿ, ಉಳಿಯುತ್ತಾ? ನಾಳೆ ಒಂದು ಶಾಲೇಲಿ ಕೆಲಸ ಇದೆ."

ಅದನ್ನು ತೊಡೆಯ ಮೇಲಿಟ್ಟುಕೊಂಡೆ. ಪ್ಯಾಂಟು ಒದ್ದೆಯಾಯಿತು. ತಂಗಿ ವಿಮಾನದಲ್ಲಿ ಸೂಚನೆಗಳನ್ನು ಹೇಳುವ ಅದೇ ದನಿಯಲ್ಲಿ, ಏರಿಳಿತವಿಲ್ಲದೆ, ಹೇಳತೊಡಗಿದಳು. ನಾನು ಬರೆದೆ.

"ವಸ್ತು: ಪವರ್ ಬ್ಯಾಂಕು. ತಯಾರಕರು..." ಅವಳು ನಿಲ್ಲಿಸಿದಳು. "ಅದು ನಿನಗೇ ಗೊತ್ತಿರೋದು."

ಸ್ವಂತ ತಯಾರಿಕೆ ಎಂದು ಬರೆದೆ. ಅದರ ಕೆಳಗೆ, ಹೇಳಿಸಿಕೊಳ್ಳದೆಯೇ, ಉಬ್ಬಿದ ಬ್ಯಾಟರಿಗೆ ಸೂಜಿ ಚುಚ್ಚಿ ಬಳಸಲಾಗಿತ್ತು ಎಂದೂ ಸೇರಿಸಿದೆ.

"ಸಿಬ್ಬಂದಿ ಸಂಬಂಧಿಯೇ? ಹೌದು. ಏನು ಸಂಬಂಧ? ಅಣ್ಣ. ಸೂಚನೆ ಕೊಡಲಾಗಿತ್ತೇ? ಹೌದು. ಬ್ಯಾಗು ಯಾರದ್ದೆಂದು ಕೇಳಿದಾಗ ಪ್ರಯಾಣಿಕ ಉತ್ತರಿಸಿದನೇ?"

ಪೆನ್ನು ಅಲ್ಲಿ ನಿಂತಿತು.

"ಬರಿ," ಎಂದಳು.

ಇಲ್ಲ ಎಂದು ಬರೆದೆ. ಎರಡಕ್ಷರದ ಆ ಪದಕ್ಕೆ ಆ ಪುಟದಲ್ಲಿ ತುಂಬ ಜಾಗ ಬಿಟ್ಟಿದ್ದರು.

"ಈಗ ಮೊದಲಿಂದ ಓದಿ ಹೇಳು. ಸಾಕ್ಷಿಗೆ ಕೇಳಿಸ್ಬೇಕು."

ಓದಿದೆ. ಸ್ವಂತ ತಯಾರಿಕೆ ಎಂಬಲ್ಲಿ ಫೋಟೋಗ್ರಾಫರು ತಲೆ ಎತ್ತಿದರು. ಅಣ್ಣ ಎಂಬಲ್ಲಿ ಅವರು ನನ್ನ ಮುಖವನ್ನು ನೋಡಿದರು. ನಾನು ಕಾಗದವನ್ನೇ ನೋಡುತ್ತಿದ್ದರೂ ಅದು ನನಗೆ ತಿಳಿಯಿತು. ಕೊನೆಯ ಸಾಲನ್ನು ತುಟಿಯೊಳಗೇ ಓದಿ ಮುಗಿಸಿದೆ. ತಂಗಿ ಕೇಳಿಸಲಿಲ್ಲ ಎಂದಳು. ಇನ್ನೊಮ್ಮೆ ಓದಿದೆ.

ಫೋಟೋಗ್ರಾಫರು ಬಯ್ಯುವರೆಂದು ಕಾದೆ. ಬಯ್ದಿದ್ದರೆ ಎಷ್ಟೋ ಹಗುರವಾಗುತ್ತಿತ್ತು. ಅವರು ಎದ್ದು, ನನ್ನ ತೊಡೆಯ ಮೇಲಿದ್ದ ಕ್ಯಾಮೆರಾವನ್ನು ಎರಡೂ ಕೈಗಳಿಂದ, ಮಲಗಿದ ಮಗುವನ್ನು ಪಕ್ಕದ ಮನೆಯವರ ಮಡಿಲಿನಿಂದ ಎತ್ತಿಕೊಳ್ಳುವಂತೆ ಎತ್ತಿಕೊಂಡರು.

"ಇರಲಿ ಬಿಡಿ. ಬೇರೆ ಯಾರ ಹತ್ರನಾದ್ರೂ ತೋರಿಸ್ತೀನಿ," ಎಂದರು.

ಸಾಕ್ಷಿಯ ಜಾಗದಲ್ಲಿ ಸಹಿ ಹಾಕಿ, ತಂಗಿಗೆ ಕೈಮುಗಿದು, ಹೊರಟುಹೋದರು.

ಆ ವರ್ಷದ ಬಡ್ತಿಯ ಪಟ್ಟಿಯಿಂದ ಅವಳ ಹೆಸರು ಹೋಯಿತು. ಮುಂದಿನ ವರ್ಷದ್ದಕ್ಕೂ ಬರಲಿಲ್ಲ. ಕಾರಣವೇನೆಂದು ಅವಳು ಮನೆಯಲ್ಲಿ ಹೇಳಿಲ್ಲ. ಕೈ ಹೇಗೆ ಸುಟ್ಟಿತೆಂದು ಅಮ್ಮ ಕೇಳಿದಾಗ, "ಕೆಲಸದಲ್ಲಿ ಆಗುತ್ತೆ ಅಮ್ಮ," ಎಂದಳು. ಹೇಳಬೇಕಾದವನು ನಾನು ಎಂಬುದು ನಮ್ಮಿಬ್ಬರಿಗೂ ಗೊತ್ತು. ಅವಳು ಕಾಯುತ್ತಿದ್ದಾಳೆ. ನಾನು ಮೂರು ಸಲ ಅಡುಗೆಮನೆಯ ಬಾಗಿಲವರೆಗೆ ಹೋಗಿ, ನೀರು ಕುಡಿದು ಹಿಂದಿರುಗಿದ್ದೇನೆ.

ಆ ದಿನ ಫೋಟೋಗ್ರಾಫರು ಹೊರಟ ಮೇಲೆ ಆ ಕೋಣೆಯಲ್ಲಿ ಕೊನೆಗೆ ಉಳಿದದ್ದು ಅವಳ ಸಹಿಯೊಂದು. ಪೆನ್ನನ್ನು ಎಡಗೈಯ ಮುಷ್ಟಿಯಲ್ಲಿ ಹಿಡಿದು ಬಗ್ಗಿದಳು. ಕಾಗದ ಜಾರತೊಡಗಿತು. ಚಿಕ್ಕಂದಿನಲ್ಲಿ ಅವಳಿಗೆ ಅಕ್ಷರ ತಿದ್ದಿಸುವಾಗ ನಾನು ಸ್ಲೇಟನ್ನು ಹಿಡಿದುಕೊಳ್ಳುತ್ತಿದ್ದೆ. ಅದೇ ಅಭ್ಯಾಸದಿಂದ ಕೈ ಚಾಚಿ ಕಾಗದದ ಅಂಚನ್ನು ಒತ್ತಿ ಹಿಡಿದೆ.

"ಕೈ ತೆಗಿ," ಎಂದಳು.

ತೆಗೆದೆ. ಅವಳು ಪಟ್ಟಿ ಸುತ್ತಿದ ಬಲಗೈಯನ್ನೇ ಕಾಗದದ ಮೇಲಿಟ್ಟು, ತುಟಿ ಕಚ್ಚಿಕೊಂಡು, ವಕ್ರವಕ್ರವಾಗಿ ತನ್ನ ಹೆಸರನ್ನು ಬರೆದಳು.